ನಮೂನೆಗಳನ್ನು ಕಾಪಿಡುವ ‘ಫ್ಲಮಿಂಗೊ’: ಒಂದು ವಿಮರ್ಶೆ

ನಿಮ್ಮ ಶಾಲೆಯ ಅಥವಾ ಕಾಲೇಜಿನ ಜಾಲತಾಣದಲ್ಲಿ ‘ನಮ್ಮನ್ನು ಸಂಪರ್ಕಿಸಿ’ ಎಂಬ ಪುಟವೊಂದು ಇದ್ದೇ ಇರುತ್ತದೆ. ಹೆಸರು, ದೂರವಾಣಿ ಸಂಖ್ಯೆ, ಇ-ಮೇಲ್, ಸಂದೇಶ ಎಂಬ ನಾಲ್ಕು ಖಾನೆಗಳು. ಅವುಗಳ ಕೆಳಗೆ ‘ಕಳುಹಿಸಿ’ ಎಂಬ ಗುಂಡಿ. ಬೇಸಿಗೆಯ ವಿಜ್ಞಾನ ಶಿಬಿರಕ್ಕೆ ಸೇರಬಯಸುವ ವಿದ್ಯಾರ್ಥಿನಿಯೊಬ್ಬಳು ಈ ನಮೂನೆಯನ್ನು ತುಂಬಿ ಗುಂಡಿ ಒತ್ತುತ್ತಾಳೆ ಎಂದಿಟ್ಟುಕೊಳ್ಳಿ. ‘ನಿಮ್ಮ ಸಂದೇಶವನ್ನು ಕಳುಹಿಸಲಾಗಿದೆ, ಧನ್ಯವಾದಗಳು’ ಎಂಬ ಸಾಲು ಪರದೆಯ ಮೇಲೆ ಮೂಡುತ್ತದೆ. ಅವಳು ನಿಶ್ಚಿಂತೆಯಿಂದ ಕಾಯುತ್ತಾಳೆ. ಆದರೆ ಶಿಬಿರದ ದಿನ ಬಂದಾಗ ಪಟ್ಟಿಯಲ್ಲಿ ಅವಳ ಹೆಸರಿಲ್ಲ. ಶಿಬಿರದ ಹೊಣೆ ಹೊತ್ತ ಶಿಕ್ಷಕರನ್ನು ಕೇಳಿದರೆ, ‘ನಮಗೆ ಯಾವ ಅರ್ಜಿಯೂ ಬಂದಿಲ್ಲ’ ಎನ್ನುತ್ತಾರೆ. ಇಬ್ಬರ ಮಾತೂ ನಿಜ. ಹಾಗಾದರೆ ಅರ್ಜಿ ಎಲ್ಲಿ ಹೋಯಿತು?

ಈ ಪ್ರಶ್ನೆಗೆ ಉತ್ತರ ಹುಡುಕುತ್ತ, ಅದಕ್ಕೆ ಪರಿಹಾರವೆಂದು ಬಹಳ ಮಂದಿ ಅಳವಡಿಸಿಕೊಳ್ಳುವ ‘ಫ್ಲಮಿಂಗೊ’ ಎಂಬ ಪ್ಲಗಿನ್ ಎಷ್ಟರ ಮಟ್ಟಿಗೆ ಸಮರ್ಥವಾಗಿದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಪ್ಲಗಿನ್ ಎಂದರೆ ಮುಖ್ಯ ತಂತ್ರಾಂಶಕ್ಕೆ ಹೊಸ ಸಾಮರ್ಥ್ಯವೊಂದನ್ನು ಸೇರಿಸುವ ಸಣ್ಣ ತಂತ್ರಾಂಶ. ಇಲ್ಲಿ ಮುಖ್ಯ ತಂತ್ರಾಂಶ ವರ್ಡ್‌ಪ್ರೆಸ್. 2003ರ ಮೇ ತಿಂಗಳಲ್ಲಿ ಮ್ಯಾಟ್ ಮುಲನ್‌ವೆಗ್ ಮತ್ತು ಮೈಕ್ ಲಿಟಲ್ ಅವರು ಬಿಡುಗಡೆ ಮಾಡಿದ ಈ ಮುಕ್ತ ತಂತ್ರಾಂಶದ ಮೇಲೆ ಇಂದು ಜಗತ್ತಿನ ಅಸಂಖ್ಯಾತ ಜಾಲತಾಣಗಳು ನಡೆಯುತ್ತಿವೆ. ಅದರಲ್ಲಿ ನಮೂನೆ ರಚಿಸಲು ಬಳಕೆಯಾಗುವ ಪ್ಲಗಿನ್‌ಗಳ ಪೈಕಿ ಅತ್ಯಂತ ಜನಪ್ರಿಯವಾದವುಗಳಲ್ಲಿ ಒಂದು ‘ಕಾಂಟ್ಯಾಕ್ಟ್ ಫಾರ್ಮ್ 7’. ಜಪಾನಿನ ತಕಾಯುಕಿ ಮಿಯೋಶಿ ಅವರು 2007ರಲ್ಲಿ ಹೊರತಂದ ಈ ಪ್ಲಗಿನ್ 50 ಲಕ್ಷಕ್ಕೂ ಹೆಚ್ಚು ತಾಣಗಳಲ್ಲಿದೆ. ಫ್ಲಮಿಂಗೊ ಕೂಡ ಅವರದೇ ಕೃತಿ. ಎರಡೂ ಉಚಿತ.

ಇ-ಮೇಲ್ ದಾಖಲೆಯಲ್ಲ

ಕಾಂಟ್ಯಾಕ್ಟ್ ಫಾರ್ಮ್ 7 ಬಗ್ಗೆ ನೀವು ಮೊದಲು ತಿಳಿಯಬೇಕಾದ ಸಂಗತಿ ಇದು: ತುಂಬಿ ಕಳುಹಿಸಿದ ನಮೂನೆಯನ್ನು ಅದು ಎಲ್ಲಿಯೂ ಉಳಿಸಿಕೊಳ್ಳುವುದಿಲ್ಲ. ಖಾನೆಗಳಲ್ಲಿರುವ ಪಠ್ಯವನ್ನು ಜೋಡಿಸಿ, ಒಂದು ಇ-ಮೇಲ್ ಮಾಡಿ, ತಾಣದ ಸರ್ವರ್‌ನಲ್ಲಿರುವ ಅಂಚೆ ವ್ಯವಸ್ಥೆಗೆ ಒಪ್ಪಿಸಿ ಕೈತೊಳೆದುಕೊಳ್ಳುತ್ತದೆ. ಪಿಎಚ್‌ಪಿ ಭಾಷೆಯಲ್ಲಿ ಇ-ಮೇಲ್ ಕಳುಹಿಸುವ ಆದೇಶ ‘ಯಶಸ್ವಿ’ ಎಂದು ಉತ್ತರಿಸಿದರೆ ಅದರ ಅರ್ಥ ಪತ್ರ ತಲುಪಿತು ಎಂದಲ್ಲ. ಸಾಗಣೆಗೆ ಸ್ವೀಕೃತವಾಯಿತು ಎಂದಷ್ಟೆ. ನೀವು ಪತ್ರವನ್ನು ಕೆಂಪು ಡಬ್ಬಿಗೆ ಹಾಕಿದ ಕ್ಷಣಕ್ಕೂ ಅದು ವಿಳಾಸದಾರರ ಕೈ ಸೇರುವ ಕ್ಷಣಕ್ಕೂ ಇರುವ ಅಂತರವೇ ಇಲ್ಲಿಯೂ ಇದೆ. ಪರದೆಯ ಮೇಲೆ ಮೂಡುವ ಧನ್ಯವಾದದ ಸಾಲು ಈ ಮೊದಲ ಕ್ಷಣವನ್ನು ನೋಡಿ ಹೇಳಿದ ಮಾತು.

ಆಮೇಲಿನ ದಾರಿಯಲ್ಲಿ ಅಡೆತಡೆಗಳು ಹಲವು. ಇ-ಮೇಲ್ ಪಡೆಯುವ ಸರ್ವರ್, ಕಳುಹಿಸಿದವರು ನಿಜಕ್ಕೂ ಆ ವಿಳಾಸದ ಹಕ್ಕುದಾರರೇ ಎಂದು ಎಸ್‌ಪಿಎಫ್, ಡಿಕೆಐಎಂ ಎಂಬ ಎರಡು ವಿಧಾನಗಳಿಂದ ಪರೀಕ್ಷಿಸುತ್ತದೆ. ಮೊದಲನೆಯದು ಈ ಹೆಸರಿನಲ್ಲಿ ಇ-ಮೇಲ್ ಕಳುಹಿಸಲು ಯಾವ ಸರ್ವರ್‌ಗಳಿಗೆ ಅನುಮತಿಯಿದೆ ಎಂಬ ಪಟ್ಟಿ. ಎರಡನೆಯದು ಪತ್ರದ ಮೇಲಿನ ಗಣಿತೀಯ ಸಹಿ. 2024ರ ಫೆಬ್ರವರಿಯಿಂದ ಜಿಮೇಲ್, ತನಗೆ ಪತ್ರ ಕಳುಹಿಸುವ ಎಲ್ಲರಿಗೂ ಇವೆರಡರಲ್ಲಿ ಒಂದಾದರೂ ಇರಬೇಕೆಂದು ವಿಧಿಸಿದೆ. ಅಗ್ಗದ ಹೋಸ್ಟಿಂಗ್‌ನಲ್ಲಿರುವ ಅದೆಷ್ಟೋ ತಾಣಗಳಲ್ಲಿ ಇವನ್ನು ಯಾರೂ ಹೊಂದಿಸಿರುವುದಿಲ್ಲ. ಇನ್ನೊಂದು ಸಾಮಾನ್ಯ ತಪ್ಪೆಂದರೆ, ನಮೂನೆ ತುಂಬಿದವರ ಇ-ಮೇಲ್ ವಿಳಾಸವನ್ನೇ ‘ಕಳುಹಿಸಿದವರು’ ಎಂಬ ಜಾಗದಲ್ಲಿ ಇಡುವುದು. ಪಡೆಯುವ ಸರ್ವರ್‌ನ ದೃಷ್ಟಿಯಲ್ಲಿ ಅದು ಬೇರೊಬ್ಬರ ಹೆಸರಿನಲ್ಲಿ ಬರೆದ ಸುಳ್ಳು ಪತ್ರ. ಅದನ್ನು ಕಸದ ಪೆಟ್ಟಿಗೆಗೆ ಹಾಕಬಹುದು ಅಥವಾ ತಿರಸ್ಕರಿಸಬಹುದು. ನಮ್ಮ ವಿದ್ಯಾರ್ಥಿನಿಯ ಅರ್ಜಿ ಹೀಗೆಯೇ ಕಳೆದುಹೋಗಿರಬಹುದು. ಅದರ ಪ್ರತಿ ಬೇರೆಲ್ಲೂ ಇಲ್ಲ.

ಹಿಂದಿನ ಕಚೇರಿಗಳನ್ನು ನೆನೆಯಿರಿ. ಟಪಾಲು ಬಂದೊಡನೆ ಗುಮಾಸ್ತರು ಇನ್‌ವರ್ಡ್ ರಿಜಿಸ್ಟರಿನಲ್ಲಿ ಕ್ರಮಸಂಖ್ಯೆ, ದಿನಾಂಕ, ಯಾರಿಂದ, ಏನು ವಿಷಯ ಎಂದು ಬರೆದ ನಂತರವೇ ಪತ್ರ ಮುಂದಿನ ಮೇಜಿಗೆ ಹೋಗುತ್ತಿತ್ತು. ಆಮೇಲೆ ಪತ್ರ ಎಲ್ಲಿ ಕಳೆದರೂ ಅದು ಬಂದಿತ್ತು ಎಂಬುದಕ್ಕೆ ಆಧಾರವಿರುತ್ತಿತ್ತು. ಜಾಲತಾಣದ ನಮೂನೆಗೂ ಇಂಥ ರಿಜಿಸ್ಟರ್ ಬೇಕು. ಫ್ಲಮಿಂಗೊ ಆ ಕೆಲಸಕ್ಕೆ ಬಂದಿದೆ.

ಫ್ಲಮಿಂಗೊ ಮಾಡುವುದೇನು?

ಪ್ಲಗಿನ್ ಅಳವಡಿಸುವುದು ಸುಲಭ. ಸಕ್ರಿಯಗೊಳಿಸಿದ ಕೂಡಲೇ ವರ್ಡ್‌ಪ್ರೆಸ್‌ನ ನಿರ್ವಹಣಾ ಪುಟದಲ್ಲಿ ‘ಫ್ಲಮಿಂಗೊ’ ಎಂಬ ಹೊಸ ಪಟ್ಟಿ ಕಾಣಿಸುತ್ತದೆ. ಅದರಡಿ ಮುಖ್ಯವಾಗಿ ಎರಡು ವಿಭಾಗಗಳು: ವಿಳಾಸ ಪುಸ್ತಕ ಮತ್ತು ಒಳಬಂದ ಸಂದೇಶಗಳು. ಅಂದಿನಿಂದ ಕಾಂಟ್ಯಾಕ್ಟ್ ಫಾರ್ಮ್ 7 ಮೂಲಕ ಬಂದ ಪ್ರತಿ ಸಲ್ಲಿಕೆಯೂ ದತ್ತಸಂಚಯದಲ್ಲಿ ಉಳಿಯುತ್ತದೆ. ಅವನ್ನು ಹುಡುಕಬಹುದು, ಅಳಿಸಬಹುದು, ಸಿಎಸ್‌ವಿ ಕಡತವಾಗಿ ಹೊರತೆಗೆಯಬಹುದು.

ಇದರ ದೊಡ್ಡ ಗುಣವನ್ನು ಮೊದಲು ಹೇಳಬೇಕು. ಇ-ಮೇಲ್ ಹೋದ ಸಲ್ಲಿಕೆಗಳನ್ನಷ್ಟೇ ಅಲ್ಲ, ಇ-ಮೇಲ್ ವಿಫಲವಾದವನ್ನೂ, ರದ್ದಿ ಎಂದು ಶಂಕಿತವಾದವನ್ನೂ ಫ್ಲಮಿಂಗೊ ಉಳಿಸಿಕೊಳ್ಳುತ್ತದೆ. ರದ್ದಿ ಸಂದೇಶಗಳನ್ನು ಗುರುತಿಸುವ ‘ಅಕಿಸ್ಮೆಟ್’ ಸೇವೆಯನ್ನು ನಮೂನೆಗೆ ಜೋಡಿಸಿದ್ದರೆ ಕೆಲವೊಮ್ಮೆ ನಿಜವಾದ ಅರ್ಜಿಯೂ ರದ್ದಿಯ ಸಾಲಿಗೆ ಬೀಳುತ್ತದೆ. ಅಂಥದಕ್ಕೆ ಇ-ಮೇಲ್ ಬರುವುದಿಲ್ಲ. ಫ್ಲಮಿಂಗೊದ ರದ್ದಿ ವಿಭಾಗದಲ್ಲಿ ಮಾತ್ರ ಅದು ಸಿಗುತ್ತದೆ; ಅಲ್ಲಿಂದ ಅದನ್ನು ‘ರದ್ದಿಯಲ್ಲ’ ಎಂದು ಹೊರತರಬಹುದು. ಪರೀಕ್ಷಾ ಸಾಧನಗಳ ವಿಷಯದಲ್ಲಿ ‘ತಪ್ಪು ಧನಾತ್ಮಕ’ ಫಲಿತಾಂಶ ಎಂದು ನಾವು ಪಾಠ ಮಾಡುವುದಕ್ಕೆ ಇದು ಒಳ್ಳೆಯ ಉದಾಹರಣೆ. ಯಾವ ಸೋಸುವ ಸಾಧನವೂ ದೋಷರಹಿತವಲ್ಲ. ಆದ್ದರಿಂದ ಸೋಸಿ ತೆಗೆದದ್ದನ್ನೂ ಕೆಲಕಾಲ ಇಟ್ಟುಕೊಂಡು ನೋಡಬೇಕು.

ಫ್ಲಮಿಂಗೊ ಎಂದರೆ ರಾಜಹಂಸ. ಹಂಸ ನೀರನ್ನು ಬಿಟ್ಟು ಹಾಲನ್ನು ಮಾತ್ರ ಕುಡಿಯುತ್ತದೆ ಎಂಬುದು ನಮ್ಮಲ್ಲಿ ಹಳೆಯ ನಂಬಿಕೆ. ಈ ಹಂಸ ಮಾತ್ರ ಹಾಲು, ನೀರು ಎರಡನ್ನೂ ಇಟ್ಟುಕೊಳ್ಳುತ್ತದೆ. ಬೇರ್ಪಡಿಸುವ ಕೆಲಸ ನಿಮ್ಮದು. ಕಳೆದುಹೋಗಬಾರದು ಎಂಬ ದೃಷ್ಟಿಯಿಂದ ಇದು ಸರಿ. ಆದರೆ ಇದರ ಎಲ್ಲ ಕೊರತೆಗಳೂ ಇಲ್ಲಿಂದಲೇ ಹುಟ್ಟುತ್ತವೆ.

ಮೊದಲು ಅಂಚೆ, ಆಮೇಲೆ ರಿಜಿಸ್ಟರ್

ಮೊದಲ ಕೊರತೆ ಕ್ರಮದ್ದು. ಕಾಂಟ್ಯಾಕ್ಟ್ ಫಾರ್ಮ್ 7 ಮೊದಲು ಖಾನೆಗಳನ್ನು ಪರಿಶೀಲಿಸುತ್ತದೆ, ನಂತರ ರದ್ದಿಯೇ ಎಂದು ನೋಡುತ್ತದೆ, ನಂತರ ಇ-ಮೇಲ್ ಕಳುಹಿಸಲು ಯತ್ನಿಸುತ್ತದೆ. ಇಷ್ಟೆಲ್ಲ ಮುಗಿದ ಮೇಲೆ ಫ್ಲಮಿಂಗೊದ ಸರದಿ. ಗುಮಾಸ್ತರು ಪತ್ರವನ್ನು ಮುಂದಿನ ಮೇಜಿಗೆ ಕಳುಹಿಸಿ, ಆಮೇಲೆ ರಿಜಿಸ್ಟರಿನಲ್ಲಿ ಬರೆದಂತಾಯಿತು. ಇ-ಮೇಲ್ ಕಳುಹಿಸುವ ಹಂತದಲ್ಲೇ ಪಿಎಚ್‌ಪಿ ಪ್ರೋಗ್ರಾಂ ಕುಸಿದುಬಿದ್ದರೆ ಅಥವಾ ಸರ್ವರ್ ವಿಧಿಸಿದ ಕಾಲಮಿತಿ ಮೀರಿದರೆ ಇ-ಮೇಲೂ ಇಲ್ಲ, ದಾಖಲೆಯೂ ಇಲ್ಲ. ಹೀಗಾಗುವುದು ಅಪರೂಪ. ಆದರೂ ದಾಖಲಿಸುವ ವ್ಯವಸ್ಥೆಗಳ ಮೂಲ ನಿಯಮ ‘ಮೊದಲು ಬರೆ, ಆಮೇಲೆ ತಿಳಿಸು’ ಎಂಬುದು. ಬ್ಯಾಂಕಿನ ತಂತ್ರಾಂಶಗಳೂ ದತ್ತಸಂಚಯಗಳೂ ಈ ನಿಯಮವನ್ನು ಪಾಲಿಸುತ್ತವೆ.

ಇದಕ್ಕಿಂತ ಹೆಚ್ಚಾಗಿ ಕಾಡುವುದು ಪರದೆಯ ಮೇಲಿನ ಸಂದೇಶ. ಅದು ಇ-ಮೇಲ್‌ನ ಗತಿಯನ್ನು ಹೇಳುತ್ತದೆಯೇ ಹೊರತು ದಾಖಲೆಯ ಗತಿಯನ್ನಲ್ಲ. ಇ-ಮೇಲ್ ವಿಫಲವಾಗಿ, ಸಲ್ಲಿಕೆ ಫ್ಲಮಿಂಗೊದಲ್ಲಿ ಭದ್ರವಾಗಿ ಉಳಿದಿದ್ದರೂ ಕಳುಹಿಸಿದವರಿಗೆ ಕಾಣುವುದು ‘ದೋಷ ಉಂಟಾಗಿದೆ, ಮತ್ತೆ ಪ್ರಯತ್ನಿಸಿ’ ಎಂಬ ಸಾಲು. ಪಾಪ, ಅವರು ಮೂರು ನಾಲ್ಕು ಬಾರಿ ಕಳುಹಿಸುತ್ತಾರೆ. ಅಷ್ಟೂ ಪ್ರತಿಗಳು ಒಳಗೆ ಸೇರುತ್ತವೆ. ಒಂದೇ ಅರ್ಜಿ ಸಾಲಾಗಿ ನಾಲ್ಕು ಬಾರಿ ಕಂಡರೆ ಅರ್ಜಿದಾರರ ಅವಸರವೆಂದು ಭಾವಿಸಬೇಡಿ. ನಿಮ್ಮ ತಾಣದ ಇ-ಮೇಲ್ ವ್ಯವಸ್ಥೆ ಕೆಟ್ಟಿರಬಹುದೆಂದು ಸಂಶಯಿಸಿ.

ಒಳಗಿನ ರಚನೆ

ಗಣಕ ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಫ್ಲಮಿಂಗೊ ತನಗಾಗಿ ಪ್ರತ್ಯೇಕ ಕೋಷ್ಟಕವನ್ನು ರಚಿಸಿಕೊಳ್ಳುವುದಿಲ್ಲ. ವರ್ಡ್‌ಪ್ರೆಸ್ ತನ್ನ ಲೇಖನಗಳನ್ನೂ ಪುಟಗಳನ್ನೂ ಇಡುವ ‘ಪೋಸ್ಟ್ಸ್’ ಕೋಷ್ಟಕದಲ್ಲೇ ಪ್ರತಿ ಸಲ್ಲಿಕೆಗೆ ಒಂದು ಸಾಲು ಸೇರಿಸುತ್ತದೆ. ನಮೂನೆಯ ಒಂದೊಂದು ಖಾನೆಯ ಬೆಲೆಯೂ ‘ಪೋಸ್ಟ್‌ಮೆಟಾ’ ಎಂಬ ಇನ್ನೊಂದು ಕೋಷ್ಟಕದಲ್ಲಿ ಒಂದೊಂದು ಸಾಲಾಗುತ್ತದೆ. ಯಾವ ಸಲ್ಲಿಕೆ, ಯಾವ ಗುಣ, ಏನು ಬೆಲೆ – ಹೀಗೆ ಮೂರು ಅಂಶಗಳ ಸಾಲುಗಳು.

ಇದರಿಂದ ಆಗುವ ಅನುಕೂಲವೆಂದರೆ ನಮೂನೆಯ ಖಾನೆಗಳನ್ನು ನೀವು ಯಾವಾಗ ಬೇಕಾದರೂ ಬದಲಿಸಬಹುದು. ಕೋಷ್ಟಕದ ರಚನೆಯನ್ನು ಮುಟ್ಟಬೇಕಿಲ್ಲ. ಅನನುಕೂಲ ಲೆಕ್ಕದಲ್ಲಿ ಕಾಣುತ್ತದೆ. 8 ಖಾನೆಗಳ ನಮೂನೆಗೆ 8 ಸಾಲು. ಜೊತೆಗೆ ವಿಷಯ, ಕಳುಹಿಸಿದವರ ಹೆಸರು, ಇ-ಮೇಲ್, ಸಲ್ಲಿಕೆಯ ಸ್ಥಿತಿ ಮುಂತಾದವಕ್ಕೆ ಮತ್ತಷ್ಟು. ಒಂದು ಸಲ್ಲಿಕೆಗೆ 15ಕ್ಕೂ ಹೆಚ್ಚು ಸಾಲುಗಳಾಗುತ್ತವೆ. 1000 ಅರ್ಜಿ ಬಂದರೆ 15,000ಕ್ಕೂ ಹೆಚ್ಚು ಸಾಲುಗಳು, ಅದೂ ನಿಮ್ಮ ಲೇಖನಗಳ ವಿವರಗಳಿರುವ ಕೋಷ್ಟಕದಲ್ಲೇ. ಈ ಕೋಷ್ಟಕದಲ್ಲಿ ಗುಣದ ಹೆಸರಿಗೆ ಸೂಚಿ ಇದೆ, ಬೆಲೆಗೆ ಇಲ್ಲ. ‘ಬೀದರ್ ಜಿಲ್ಲೆಯ ಅರ್ಜಿಗಳು ಎಷ್ಟು’ ಎಂದು ಕೇಳಿದರೆ ದತ್ತಸಂಚಯ ಆ ಗುಣದ ಎಲ್ಲ ಸಾಲುಗಳನ್ನೂ ಒಂದೊಂದಾಗಿ ತೆರೆದು ನೋಡಬೇಕು. ಕೆಲವು ನೂರು ಸಲ್ಲಿಕೆಗಳಿಗೆ ಇದು ಲೆಕ್ಕಕ್ಕಿಲ್ಲ. ಹತ್ತಾರು ಸಾವಿರ ದಾಟಿದರೆ ನಿರ್ವಹಣಾ ಪುಟಗಳು ನಿಧಾನವಾಗುವುದನ್ನು ಗಮನಿಸುವಿರಿ.

ಇನ್ನೊಂದು ಮಾತು: ನಮೂನೆಯೊಂದಿಗೆ ಲಗತ್ತಿಸಿದ ಕಡತ ಫ್ಲಮಿಂಗೊದಲ್ಲಿ ಉಳಿಯುವುದಿಲ್ಲ. ಕಾಂಟ್ಯಾಕ್ಟ್ ಫಾರ್ಮ್ 7 ಅದನ್ನು ತಾತ್ಕಾಲಿಕವಾಗಿ ಇಟ್ಟು, ಇ-ಮೇಲ್‌ಗೆ ಸೇರಿಸಿ, ನಂತರ ಅಳಿಸುತ್ತದೆ. ಅಂಕಪಟ್ಟಿ, ಭಾವಚಿತ್ರ ಕೇಳುವ ನಮೂನೆಗೆ ಆದ್ದರಿಂದ ಇದು ತಕ್ಕ ಸಾಧನವಲ್ಲ.

ನಿರ್ವಹಣೆ ಎಲ್ಲಿದೆ?

ಬಂದದ್ದನ್ನು ಇಟ್ಟುಕೊಳ್ಳುವುದು ಸಂಗ್ರಹ. ಯಾವುದನ್ನು ನೋಡಿದ್ದೇವೆ, ಯಾರಿಗೆ ಉತ್ತರಿಸಿದ್ದೇವೆ, ಯಾರದು ಬಾಕಿ ಎಂದು ತಿಳಿಯುವುದು ನಿರ್ವಹಣೆ. ಫ್ಲಮಿಂಗೊ ಮೊದಲನೆಯದರಲ್ಲಿ ಗಟ್ಟಿ, ಎರಡನೆಯದರಲ್ಲಿ ದುರ್ಬಲ. ಓದಿದ್ದು–ಓದದ್ದು ಎಂಬ ಗುರುತು ಇಲ್ಲ. ಉತ್ತರ ಕೊಟ್ಟಾಯಿತು ಎಂದು ಟಿಪ್ಪಣಿ ಬರೆಯಲು ಜಾಗವಿಲ್ಲ. ಇಬ್ಬರು ಶಿಕ್ಷಕರು ಸೇರಿ ಅರ್ಜಿಗಳನ್ನು ನೋಡಿಕೊಳ್ಳುತ್ತಿದ್ದರೆ ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ತಿಳಿಯದು. ಕೊನೆಗೆ ಪಕ್ಕದಲ್ಲೊಂದು ನೋಟ್‌ಬುಕ್ ಇಟ್ಟುಕೊಳ್ಳಬೇಕಾಗುತ್ತದೆ.

ಖಾನೆಗಳ ಹೆಸರಿನಲ್ಲೂ ಒಂದು ಗುಪ್ತ ತೊಡಕಿದೆ. ಕಾಂಟ್ಯಾಕ್ಟ್ ಫಾರ್ಮ್ 7 ತಾನಾಗಿ ರಚಿಸುವ ಮಾದರಿ ನಮೂನೆಯಲ್ಲಿ ಖಾನೆಗಳಿಗೆ ಆಂತರಿಕವಾಗಿ ‘ಯುವರ್-ನೇಮ್’, ‘ಯುವರ್-ಇಮೇಲ್’, ‘ಯುವರ್-ಸಬ್ಜೆಕ್ಟ್’ ಎಂಬ ಹೆಸರುಗಳಿರುತ್ತವೆ. ಕಳುಹಿಸಿದವರು ಯಾರು, ವಿಷಯ ಏನು ಎಂಬುದನ್ನು ಫ್ಲಮಿಂಗೊ ಈ ಹೆಸರುಗಳಿಂದಲೇ ಗುರುತಿಸುತ್ತದೆ. ನೀವು ಅವನ್ನು ‘ವಿದ್ಯಾರ್ಥಿ’, ‘ಶಾಲೆ’ ಎಂಬ ಅರ್ಥದ ಬೇರೆ ಹೆಸರುಗಳಿಗೆ ಬದಲಿಸಿದರೆ ಪಟ್ಟಿಯಲ್ಲಿ ಹೆಸರೂ ಇಲ್ಲದ, ವಿಷಯವೂ ಇಲ್ಲದ ಸಾಲುಗಳು ಕಾಣುತ್ತವೆ. ಪರಿಹಾರ ಇದೆ. ನಮೂನೆಯ ‘ಹೆಚ್ಚುವರಿ ಹೊಂದಿಕೆ’ಗಳ ಜಾಗದಲ್ಲಿ ಫ್ಲಮಿಂಗೊದ ಹೆಸರು, ಇ-ಮೇಲ್, ವಿಷಯ ಯಾವ ಯಾವ ಖಾನೆಯಿಂದ ಬರಬೇಕು ಎಂದು ಮೂರು ಸಾಲು ಬರೆಯಬೇಕು. ಆದರೆ ಈ ಮಾಹಿತಿ ಸಹಾಯ ಪುಟಗಳಲ್ಲಿದೆ. ಪ್ಲಗಿನ್ ತಾನಾಗಿ ಎಚ್ಚರಿಸುವುದಿಲ್ಲ.

ಮೂರನೆಯದು ಅಧಿಕಾರದ ಪ್ರಶ್ನೆ. ಫ್ಲಮಿಂಗೊದ ಸಂದೇಶಗಳನ್ನು ನೋಡುವ ಹಕ್ಕು ಸಹಜವಾಗಿ ತಾಣದ ಆಡಳಿತಗಾರರಿಗೆ ಮಾತ್ರ. ಸಂಪಾದಕರ ಮಟ್ಟದ ಬಳಕೆದಾರರಿಗೆ ಇಲ್ಲ. ಖಾಸಗಿತನದ ದೃಷ್ಟಿಯಿಂದ ಇದು ಒಳ್ಳೆಯ ಎಚ್ಚರಿಕೆ. ಆದರೆ ಶಾಲೆಗಳಲ್ಲಿ ನಡೆಯುವುದನ್ನು ನೀವು ಬಲ್ಲಿರಿ. ಅರ್ಜಿ ನೋಡಬೇಕಾದ ಶಿಕ್ಷಕರಿಗೆ ಆಡಳಿತಗಾರರ ಪಾಸ್‌ವರ್ಡನ್ನೇ ಕೊಟ್ಟುಬಿಡುತ್ತಾರೆ. ಪತ್ರ ನೋಡಲು ಬಂದವರ ಕೈಗೆ ಇಡೀ ಕಟ್ಟಡದ ಬೀಗದ ಕೈ ಸಿಕ್ಕಂತಾಯಿತು. ಹಕ್ಕನ್ನು ಬದಲಿಸಲು ಪ್ರೋಗ್ರಾಂನಲ್ಲಿ ಅವಕಾಶವಿದೆಯಾದರೂ ಹೊಂದಿಕೆ ಪುಟದಲ್ಲೊಂದು ಸರಳ ಆಯ್ಕೆ ಇದ್ದಿದ್ದರೆ ಈ ಅಪಾಯವೇ ಇರುತ್ತಿರಲಿಲ್ಲ.

ಇನ್ನೊಂದು ಮಾದರಿಯೊಡನೆ ಹೋಲಿಕೆ

ಇದೇ ಕೆಲಸಕ್ಕೆ ಬಳಕೆಯಲ್ಲಿರುವ ಇನ್ನೊಂದು ಉಚಿತ ಪ್ಲಗಿನ್ ‘ಸಿಎಫ್‌ಡಿಬಿ7’. ಇದರ ದಾರಿ ಹಲವು ವಿಷಯಗಳಲ್ಲಿ ಫ್ಲಮಿಂಗೊದ ದಾರಿಗೆ ವಿರುದ್ಧ. ಇದು ಇ-ಮೇಲ್ ಹೋಗುವ ಮೊದಲೇ ಸಲ್ಲಿಕೆಯನ್ನು ದಾಖಲಿಸುತ್ತದೆ. ತನ್ನದೇ ಪ್ರತ್ಯೇಕ ಕೋಷ್ಟಕದಲ್ಲಿ ಪ್ರತಿ ಸಲ್ಲಿಕೆಗೆ ಒಂದೇ ಸಾಲು ಬರೆಯುತ್ತದೆ. ಓದಿದ್ದು–ಓದದ್ದು ಎಂಬ ಗುರುತು ಇಡುತ್ತದೆ. ಲಗತ್ತಿಸಿದ ಕಡತಗಳನ್ನೂ ಉಳಿಸುತ್ತದೆ. ಇಷ್ಟು ಕೇಳಿದರೆ ಇದೇ ಮೇಲು ಎನಿಸಬಹುದು.

ಆದರೆ ಪ್ರತಿ ಅನುಕೂಲಕ್ಕೂ ಅದರದೇ ಬೆಲೆ ಇದೆ. ಒಂದೇ ಸಾಲಿನಲ್ಲಿ ಎಲ್ಲ ಖಾನೆಗಳನ್ನೂ ಒಂದು ಉದ್ದ ಪಠ್ಯವಾಗಿ ಮಡಿಸಿಡುವುದರಿಂದ ಒಂದು ಖಾನೆಯ ಆಧಾರದ ಮೇಲೆ ವಿಂಗಡಿಸುವುದು ಇನ್ನೂ ಕಷ್ಟ. ರದ್ದಿ ಎಂದು ತೀರ್ಮಾನವಾದ ಸಲ್ಲಿಕೆಗಳು ದಾಖಲಾಗುವ ಹಂತವನ್ನು ತಲುಪುವುದೇ ಇಲ್ಲ. ಆದ್ದರಿಂದ ತಪ್ಪಾಗಿ ರದ್ದಿಯಾದ ಅರ್ಜಿಗೆ ಇಲ್ಲಿ ಮರುಜೀವವಿಲ್ಲ. ಕಡತಗಳು ಉಳಿಯುವುದು ವರ್ಡ್‌ಪ್ರೆಸ್‌ನ ‘ಅಪ್‌ಲೋಡ್ಸ್’ ಕೋಶದೊಳಗೆ. ಆ ಕೋಶ ಸಾಮಾನ್ಯವಾಗಿ ಜಾಲದಿಂದ ನೇರವಾಗಿ ತಲುಪಬಹುದಾದದ್ದು. ಮಕ್ಕಳ ಅಂಕಪಟ್ಟಿಗಳನ್ನು ಅಲ್ಲಿಡುವ ಮುನ್ನ, ವಿಳಾಸ ಗೊತ್ತಿರುವ ಹೊರಗಿನವರಿಗೆ ಅವು ತೆರೆಯುತ್ತವೆಯೇ ಎಂದು ನೀವೇ ಪರೀಕ್ಷಿಸಬೇಕು.

ಕಡತಗಳನ್ನು ಸ್ವೀಕರಿಸುವುದೇ ಅಪಾಯದ ಬಾಗಿಲು ಎಂಬುದಕ್ಕೆ ನಿದರ್ಶನವಿದೆ. 2020ರ ಡಿಸೆಂಬರಿನಲ್ಲಿ ಕಾಂಟ್ಯಾಕ್ಟ್ ಫಾರ್ಮ್ 7ರಲ್ಲೇ ಒಂದು ಲೋಪ ಪತ್ತೆಯಾಯಿತು. ಕಡತದ ಹೆಸರಿನಲ್ಲಿ ವಿಶೇಷ ಅಕ್ಷರಗಳನ್ನು ಸೇರಿಸಿ ನಿಷಿದ್ಧ ಬಗೆಯ ಕಡತವನ್ನು ಒಳಕಳುಹಿಸುವ ಸಾಧ್ಯತೆ ಇತ್ತು. 5.3.2 ಆವೃತ್ತಿಯಲ್ಲಿ ಅದನ್ನು ಕೂಡಲೇ ಸರಿಪಡಿಸಲಾಯಿತು. ಯಾವ ಪ್ಲಗಿನ್ ಆರಿಸಿಕೊಂಡರೂ ಅದನ್ನು ಕಾಲಕಾಲಕ್ಕೆ ಹೊಸ ಆವೃತ್ತಿಗೆ ಏರಿಸುವುದು ನಿಮ್ಮ ಕರ್ತವ್ಯ.

ಕನ್ನಡದ ಅರ್ಜಿಗಳು

ಕನ್ನಡದಲ್ಲಿ ತುಂಬಿದ ನಮೂನೆಗಳು ದತ್ತಸಂಚಯದಲ್ಲಿ ಸುರಕ್ಷಿತವಾಗಿ ಉಳಿಯುತ್ತವೆ. ತೊಂದರೆ ಬರುವುದು ಸಿಎಸ್‌ವಿ ಕಡತವನ್ನು ಎಕ್ಸೆಲ್‌ನಲ್ಲಿ ತೆರೆದಾಗ. ಯುನಿಕೋಡಿನ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ‘ಶಾಲೆ’ ಎಂಬ ಪದದಲ್ಲಿ ಶ, ದೀರ್ಘದ ಚಿಹ್ನೆ, ಲ, ಎತ್ವದ ಚಿಹ್ನೆ ಹೀಗೆ 4 ಸಂಕೇತಗಳು. ಒಟ್ಟು 12 ಬೈಟ್. ಕಡತದ ಮೊದಲಲ್ಲಿ ಯುಟಿಎಫ್-8 ಎಂದು ಸೂಚಿಸುವ ಗುರುತು ಇಲ್ಲದಿದ್ದರೆ ಎಕ್ಸೆಲ್ ಒಂದೊಂದು ಬೈಟನ್ನೂ ಒಂದೊಂದು ಯೂರೋಪಿನ ಅಕ್ಷರವೆಂದು ಓದಬಹುದು. ಆಗ ‘ಶಾಲೆ’ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತದೆ. ದತ್ತಾಂಶ ಕೆಟ್ಟಿಲ್ಲ, ಓದಿದ ರೀತಿ ತಪ್ಪು. ಕಡತವನ್ನು ಎರಡು ಬಾರಿ ಒತ್ತಿ ತೆರೆಯುವ ಬದಲು ಎಕ್ಸೆಲ್‌ನ ಆಮದು ಸೌಲಭ್ಯದಿಂದ ಯುಟಿಎಫ್-8 ಆರಿಸಿ ತೆರೆಯಿರಿ, ಅಥವಾ ತೆರೆಯುವಾಗಲೇ ಸಂಕೇತ ವಿಧಾನವನ್ನು ಕೇಳುವ ಲಿಬ್ರೆಆಫೀಸ್ ಬಳಸಿ. ಕೆಟ್ಟಂತೆ ಕಾಣುವ ಕಡತವನ್ನು ಮಾತ್ರ ಹಾಗೆಯೇ ಉಳಿಸಬೇಡಿ. ಆಗ ಅದು ನಿಜವಾಗಿಯೂ ಕೆಡುತ್ತದೆ.

ಸಂಖ್ಯೆಗಳಿಗೂ ಇಲ್ಲಿ ಕುತ್ತಿದೆ. ಮೊದಲಲ್ಲಿ ಸೊನ್ನೆ ಇರುವ ಸಂಖ್ಯೆಯ ಸೊನ್ನೆ ಮಾಯವಾಗುತ್ತದೆ. ಎಕ್ಸೆಲ್ 15 ಅಂಕಿಗಳವರೆಗೆ ಮಾತ್ರ ನಿಖರವಾಗಿ ಇಟ್ಟುಕೊಳ್ಳುವುದರಿಂದ 16 ಅಂಕಿಯ ಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾಗುತ್ತದೆ. ಇಂಥ ಕಾಲಂಗಳನ್ನು ಆಮದು ಮಾಡುವಾಗಲೇ ‘ಪಠ್ಯ’ ಎಂದು ಗುರುತಿಸಬೇಕು. ಅಲ್ಲದೆ ಸಮ ಚಿಹ್ನೆಯಿಂದ ಆರಂಭವಾಗುವ ಉತ್ತರವನ್ನು ಎಕ್ಸೆಲ್ ಸೂತ್ರವೆಂದು ತಿಳಿದು ಚಲಾಯಿಸಲು ಹೊರಡುತ್ತದೆ. ಕಿಡಿಗೇಡಿಗಳು ನಮೂನೆಯ ಮೂಲಕ ನಿಮ್ಮ ಗಣಕಕ್ಕೆ ಹಾನಿ ಮಾಡಲು ಇದೂ ಒಂದು ದಾರಿ. ಅಪರಿಚಿತರಿಂದ ಬಂದ ಕಡತವನ್ನು ತೆರೆಯುವಾಗ ಎಕ್ಸೆಲ್ ನೀಡುವ ಎಚ್ಚರಿಕೆಗಳನ್ನು ಒಪ್ಪಿ ಮುಂದುವರಿಯಬೇಡಿ.

ಎಷ್ಟು ದಿನ ಇಟ್ಟುಕೊಳ್ಳಬೇಕು?

ಇದುವರೆಗೆ ಅರ್ಜಿ ಕಳೆದುಹೋಗುವ ಅಪಾಯದ ಮಾತಾಯಿತು. ಅರ್ಜಿ ಕಳೆಯದೇ ಉಳಿದುಬಿಡುವುದೂ ಅಪಾಯವೇ. ಫ್ಲಮಿಂಗೊ ಖಾನೆಗಳ ಪಠ್ಯದ ಜೊತೆಗೆ ಕಳುಹಿಸಿದವರ ಐಪಿ ವಿಳಾಸ, ಅವರ ಬ್ರೌಸರ್‌ನ ವಿವರ, ಯಾವ ಪುಟದಿಂದ ಕಳುಹಿಸಿದರು ಎಂಬುದನ್ನೂ ದಾಖಲಿಸುತ್ತದೆ. ವಿಳಾಸ ಪುಸ್ತಕದಲ್ಲಿ ನಮೂನೆ ತುಂಬಿದವರಷ್ಟೇ ಅಲ್ಲದೆ ತಾಣದ ನೋಂದಾಯಿತ ಬಳಕೆದಾರರನ್ನೂ ಲೇಖನಗಳಿಗೆ ಪ್ರತಿಕ್ರಿಯೆ ಬರೆದವರನ್ನೂ ಸೇರಿಸಿಕೊಳ್ಳುತ್ತದೆ. ಇವೆಲ್ಲ ಗೂಢಲಿಪೀಕರಣವಿಲ್ಲದ ಸಾದಾ ಪಠ್ಯ. ದತ್ತಸಂಚಯದ ಪ್ರತಿ ಹೊರಬಿದ್ದರೆ ಎಲ್ಲವೂ ಬಯಲು. ಸಾಮಾನ್ಯ ಸಂದೇಶಗಳನ್ನು ಇಷ್ಟು ತಿಂಗಳ ನಂತರ ತಾನಾಗಿ ಅಳಿಸು ಎಂದು ಹೇಳಲು ಆಯ್ಕೆ ಇಲ್ಲ. ಐದು ವರ್ಷದ ಹಿಂದಿನ ಶಿಬಿರಕ್ಕೆ ಅರ್ಜಿ ಹಾಕಿದ ಮಕ್ಕಳ ದೂರವಾಣಿ ಸಂಖ್ಯೆಗಳು ಇಂದಿಗೂ ಅಲ್ಲೇ ಇರುತ್ತವೆ.

ನಮ್ಮ ದೇಶದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಅಂಗೀಕಾರವಾಯಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಅಧಿಸೂಚಿತವಾಗಿದ್ದು ಹಂತಹಂತವಾಗಿ ಜಾರಿಗೆ ಬರುವಂತೆ ರೂಪಿಸಲಾಗಿದೆ. ಯಾವ ಉದ್ದೇಶಕ್ಕೆ ಮಾಹಿತಿ ಪಡೆದೆವೋ ಆ ಉದ್ದೇಶ ತೀರಿದ ಮೇಲೆ ಅದನ್ನು ಅಳಿಸಬೇಕು ಎಂಬುದು ಕಾಯ್ದೆಯ ತಿರುಳುಗಳಲ್ಲಿ ಒಂದು. 18 ವರ್ಷ ತುಂಬದವರೆಲ್ಲ ಕಾಯ್ದೆಯ ಪ್ರಕಾರ ಮಕ್ಕಳು. ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು. ಶಾಲಾ ಕಾಲೇಜುಗಳ ನಮೂನೆ ತುಂಬುವವರಲ್ಲಿ ಹೆಚ್ಚಿನವರು ಇವರೇ ಎಂಬುದನ್ನು ಮರೆಯಬೇಡಿ.

ವರ್ಡ್‌ಪ್ರೆಸ್‌ನಲ್ಲಿ 2018ರ 4.9.6 ಆವೃತ್ತಿಯಿಂದ, ಒಬ್ಬರ ಇ-ಮೇಲ್ ವಿಳಾಸ ಕೊಟ್ಟು ಅವರ ವೈಯಕ್ತಿಕ ಮಾಹಿತಿಯನ್ನು ಅಳಿಸುವ ಸಾಧನ ಇದೆ. ಫ್ಲಮಿಂಗೊ ಅದಕ್ಕೆ ಸ್ಪಂದಿಸುತ್ತದೆ. ಆದರೆ ನಿಮ್ಮ ನಮೂನೆಯಲ್ಲಿ ಇ-ಮೇಲ್ ಖಾನೆಯೇ ಇಲ್ಲದೆ ದೂರವಾಣಿ ಸಂಖ್ಯೆ ಮಾತ್ರ ಇದ್ದರೆ ಈ ಸಾಧನಕ್ಕೆ ಹಿಡಿಯಲು ಎಳೆಯೇ ಸಿಗದು. ಫ್ಲಮಿಂಗೊದಲ್ಲಿ ಅಳಿಸಿದ ಸಂದೇಶದ ಪ್ರತಿ ಇ-ಮೇಲ್ ಪೆಟ್ಟಿಗೆಯಲ್ಲೂ ತಾಣದ ಬ್ಯಾಕಪ್‌ನಲ್ಲೂ ಉಳಿದಿರುತ್ತದೆ ಎಂಬುದೂ ನೆನಪಿರಲಿ. ಉಳಿಸಲೇಬಾರದ ಸೂಕ್ಷ್ಮ ವಿಷಯಗಳ ನಮೂನೆಗೆ, ಉದಾಹರಣೆಗೆ ವಿದ್ಯಾರ್ಥಿಗಳು ಆಪ್ತ ಸಲಹೆ ಕೋರಿ ಬರೆಯುವ ಪುಟಕ್ಕೆ, ಹೆಚ್ಚುವರಿ ಹೊಂದಿಕೆಗಳಲ್ಲಿ ‘ಡು ನಾಟ್ ಸ್ಟೋರ್’ ಎಂಬ ಪದಗಳನ್ನು ಕೆಳಗೆರೆಗಳಿಂದ ಜೋಡಿಸಿ ‘ಟ್ರೂ’ ಎಂದು ಬರೆದರೆ ಆ ನಮೂನೆ ಮಾತ್ರ ದಾಖಲಾಗುವುದಿಲ್ಲ.

ನೀವೇ ಮಾಡಿ ನೋಡಿ

ಈ ಮಾತುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬಹುದು. ಒಂದು ಗಣಕದಲ್ಲಿ ಝ್ಯಾಂಪ್ ತಂತ್ರಾಂಶದ ಮೂಲಕ ವರ್ಡ್‌ಪ್ರೆಸ್, ಕಾಂಟ್ಯಾಕ್ಟ್ ಫಾರ್ಮ್ 7 ಮತ್ತು ಫ್ಲಮಿಂಗೊ ಅಳವಡಿಸಿ. ಇ-ಮೇಲ್ ವ್ಯವಸ್ಥೆಯನ್ನು ಬೇಕೆಂದೇ ಹೊಂದಿಸಬೇಡಿ. ಕಾಲ್ಪನಿಕ ಹೆಸರಿನ ನಮೂನೆ ಕಳುಹಿಸಿ, ಪರದೆ ಏನು ಹೇಳುತ್ತದೆ, ಫ್ಲಮಿಂಗೊದಲ್ಲಿ ಏನಿದೆ ಎಂದು ಹೋಲಿಸಿ. ಖಾನೆಯ ಹೆಸರು ಬದಲಿಸಿ ಮತ್ತೊಮ್ಮೆ ಕಳುಹಿಸಿ. ಪೋಸ್ಟ್‌ಮೆಟಾ ಕೋಷ್ಟಕವನ್ನು ತೆರೆದು ಒಂದು ಸಲ್ಲಿಕೆಗೆ ಎಷ್ಟು ಸಾಲು ಸೇರಿದವು ಎಂದು ಎಣಿಸಿ. ಫ್ಲಮಿಂಗೊ ಜೊತೆಗಿದ್ದರೆ ಇ-ಮೇಲ್‌ನಲ್ಲಿ ಕ್ರಮಸಂಖ್ಯೆ ನಮೂದಿಸುವ ಸೌಲಭ್ಯವೂ ಇದೆ. ಇದನ್ನು ಪರೀಕ್ಷಿಸಲು ಇ-ಮೇಲ್ ನಡೆಯುವ ತಾಣ ಬೇಕು. ಮೂರು ನಮೂನೆ ಕಳುಹಿಸಿ, ಒಂದನ್ನು ಪೂರ್ತಿ ಅಳಿಸಿ, ನಾಲ್ಕನೆಯದಕ್ಕೆ ಯಾವ ಸಂಖ್ಯೆ ಬರುತ್ತದೆ ನೋಡಿ. ಆ ಸಂಖ್ಯೆಯನ್ನು ಸ್ವೀಕೃತಿ ಸಂಖ್ಯೆಯಾಗಿ ಬಳಸಬಹುದೇ ಎಂಬುದನ್ನು ಈ ಪರೀಕ್ಷೆಯ ನಂತರವೇ ತೀರ್ಮಾನಿಸಿ.

ಕೊನೆಯ ಮಾತು

ಕಾಂಟ್ಯಾಕ್ಟ್ ಫಾರ್ಮ್ 7 ಇರುವ ತಾಣದಲ್ಲಿ ಫ್ಲಮಿಂಗೊ ಇಲ್ಲದಿರುವುದಕ್ಕಿಂತ ಇರುವುದು ಖಂಡಿತ ಮೇಲು. ವರ್ಷಕ್ಕೆ ಕೆಲವು ನೂರು ಸಂದೇಶ ಬರುವ ಶಾಲೆ, ವಿಜ್ಞಾನ ಕೂಟ, ಗ್ರಂಥಾಲಯಗಳಿಗೆ ಇದು ಸಾಕು. ಪ್ರವೇಶಾತಿ, ವಿದ್ಯಾರ್ಥಿವೇತನ, ಸ್ಪರ್ಧೆಗಳಂತಹ, ಕ್ರಮಸಂಖ್ಯೆ, ಲಗತ್ತು, ಪರಿಶೀಲನೆ ಬೇಕಾದ ಕೆಲಸಗಳಿಗೆ ಇದನ್ನು ನಂಬಬೇಡಿ. ಅದಕ್ಕೆಂದೇ ರಚಿಸಿದ ವ್ಯವಸ್ಥೆ ಬೇಕು.

ಬಳಸುವುದಾದರೆ ನಾಲ್ಕು ಕೆಲಸ ಮಾಡಿ. ಹೆಸರು, ಇ-ಮೇಲ್, ವಿಷಯ ಯಾವ ಖಾನೆಯಿಂದ ಬರಬೇಕೆಂದು ಹೊಂದಿಸಿ. ವಾರಕ್ಕೊಮ್ಮೆ ರದ್ದಿ ವಿಭಾಗವನ್ನೂ ಸೇರಿಸಿ ಎಲ್ಲ ಸಂದೇಶಗಳನ್ನೂ ನೋಡಲು ಒಬ್ಬರನ್ನು ಹೆಸರಿಸಿ, ನೇಮಿಸಿ. ಶೈಕ್ಷಣಿಕ ವರ್ಷದ ಕೊನೆಗೆ ಬೇಕಾದ್ದನ್ನು ಹೊರತೆಗೆದು ಉಳಿದದ್ದನ್ನು ಅಳಿಸಿ. ನಮೂನೆಯಲ್ಲಿ ಅಗತ್ಯವಿಲ್ಲದ ಖಾನೆಗಳನ್ನು ಇಂದೇ ತೆಗೆದುಹಾಕಿ; ಕೇಳದ ಮಾಹಿತಿ ಸೋರುವುದೂ ಇಲ್ಲ, ಅದನ್ನು ಕಾಯುವ ಶ್ರಮವೂ ಇಲ್ಲ. ಇವುಗಳಲ್ಲಿ ಎರಡನೆಯದನ್ನು ಯಾವ ಪ್ಲಗಿನ್ನೂ ನಿಮಗಾಗಿ ಮಾಡಿಕೊಡಲಾರದು. ಅದೊಂದನ್ನು ಬಿಟ್ಟರೆ ಶಿಬಿರಕ್ಕೆ ಅರ್ಜಿ ಹಾಕಿದ ವಿದ್ಯಾರ್ಥಿನಿಯ ಹೆಸರು ದತ್ತಸಂಚಯದಲ್ಲಿ ಇರುತ್ತದೆ, ಪಟ್ಟಿಯಲ್ಲಿ ಮಾತ್ರ ಇರುವುದಿಲ್ಲ.